ಮುನ್ನೋಟ

ರಾತ್ರಿಯಿಡೀ ಮಿನಿಬಸ್ಸಿನಲ್ಲಿ ಕೂತು
ಸ್ವಾನೇತಿಯ ಬೆಟ್ಟ ಇಳಿದು ಬಂದವರು ತ್ಸಿಯಾಲಾ ಟೀಚರ್.
ಕೈಚೀಲದಲ್ಲಿ ಬಟ್ಟೆ ಸುತ್ತಿದ ಚೀಸಿನ ಗುಂಡು.
ತಿಬಿಲಿಸಿಯ ನಮ್ಮ ಪ್ರಕಾಶನದ ಮೂರನೇ ಮಹಡಿಗೆ
ಲಿಫ್ಟ್ ನಂಬದೆ ಮೆಟ್ಟಿಲು ಹತ್ತಿ
"ಕರೆದಿದ್ದೀರಿ, ಬಂದೆ" ಎಂದರು.
ಉಸಿರು ಒಂದಿಷ್ಟೂ ಏರಿರಲಿಲ್ಲ.

ಕರೆದದ್ದು ನಿಜ.
ಶಾಲೆಗಳು ಇನ್ನು ಕೂತಲ್ಲೇ ಪುಸ್ತಕ ತರಿಸಿಕೊಳ್ಳಲೆಂದು
ನಾವು ಕಟ್ಟಿದ ಹೊಸ ಪರದೆ;
ಬಿಡುಗಡೆಗೆ ಮುಂಚೆ ಒಬ್ಬ ಟೀಚರ್ ಒತ್ತಿ ನೋಡಲಿ,
ಎಲ್ಲಿ ತಡವರಿಸುತ್ತಾರೋ ನೀನು ಬರೆದುಕೋ
ಎಂದಿದ್ದ ಇರಾಕ್ಲಿ.
ನನ್ನ ಕೈಯಲ್ಲಿ ಪೆನ್ಸಿಲ್ಲು, ಗೆರೆ ಎಳೆದ ಹಾಳೆ.

ಅವರು ಪರದೆಗಿಂತ ಮೊದಲು ಪುಸ್ತಕ ಕೇಳಿದರು.
ರಟ್ಟನ್ನು ಹಿಂದಕ್ಕೆ ಮಡಚಿ, ಹೊಲಿಗೆ ಜಗ್ಗಿ,
ಬೆರಳನ್ನು ಚಹಾದಲ್ಲಿ ಅದ್ದಿ
ಕರಡಿಮರಿಯ ಹೊಟ್ಟೆಯ ಮೇಲೆ ಉಜ್ಜಿದರು.
ಬಣ್ಣ ಬಿಡಲಿಲ್ಲ.
"ಪರವಾಗಿಲ್ಲ. ನಮ್ಮ ಮಕ್ಕಳು ಒಲೆಯ ಸುತ್ತ ಕೂತು ಓದುವವರು,
ಕೈಗವಸಿನಿಂದ ಹಿಮ ತೊಟ್ಟಿಕ್ಕುತ್ತಿರುತ್ತದೆ."

ಆಮೇಲೆ ಪರದೆ.
ತರಗತಿ ಯಾವುದು? ಒಂದನ್ನು ಆರಿಸಿ.
"ಒಂದೇ ಕೋಣೆ. ಒಂದರಿಂದ ಆರು."
ಒಂದನ್ನೇ ಆರಿಸಬೇಕು, ಟೀಚರ್.
"ಹಾಗಾದರೆ ಕೋಣೆ ಅಂತ ಬರಿ."
ಬರೆಯಲು ಅಲ್ಲಿ ಜಾಗವಿರಲಿಲ್ಲ.
ಮೂರು ಒತ್ತಿದೆವು, ನಡುವಿನದೆಂದು.

ಮೂಲೆಯಲ್ಲಿ ಪುಟ್ಟ ಗಾಡಿಯ ಚಿತ್ರ.
ಬೇಕಾದದ್ದನ್ನು ಇದರಲ್ಲಿ ಹಾಕಿ ಎಂದೆ.
ಕನ್ನಡಕ ಹಣೆಗೇರಿಸಿ ಹತ್ತಿರ ಬಾಗಿದರು.
"ಚಕ್ರ ಇದೆ ಇದಕ್ಕೆ."
ಇದೆ.
"ನಮ್ಮೂರ ದಾರಿಗೆ ಚಕ್ರ ಆಗದು, ಮಗೂ.
ಬೇಸಿಗೆಯಲ್ಲೂ ಜಾರುಬಂಡಿಯೇ, ಎರಡು ಮರದ ತೊಲೆ, ಮುಂದೆ ಎತ್ತು.
ಎತ್ತು ಎಲ್ಲಿ?"
ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ.
ಹಾಳೆಯಲ್ಲಿ ಬರೆದೆ: ಎತ್ತು ಇಲ್ಲ.

ಕನಿಷ್ಠ ಹತ್ತು ಪ್ರತಿ ಎಂದಿತು ಪರದೆ, ಕೆಂಪಾಗಿ.
ಮಕ್ಕಳು ಏಳು.
ಕಿಟಕಿಯತ್ತ ನೋಡುತ್ತ ಬೆರಳು ಮಡಚಿದರು:
"ಲಾಶಾನ ಹೆಂಡತಿಗೆ ಏಪ್ರಿಲ್‌ನಲ್ಲಿ ಹೆರಿಗೆ, ಅದಕ್ಕೊಂದು.
ಗೋಪುರದ ಮನೆಯ ಮುದುಕ ಮುರ್ಜಾ, ಚಿತ್ರ ನೋಡುತ್ತಾನೆ.
ಇನ್ನೊಂದು ಹರಿಯುತ್ತದೆ.
ಯಾರು ಹರಿಯುತ್ತಾರೆ ಅಂತಲೂ ಗೊತ್ತು ನನಗೆ."

ವಿಳಾಸದ ಸಾಲಿನಲ್ಲಿ, ಒಂದೇ ಬೆರಳಿನಿಂದ, ಅಕ್ಷರಕ್ಕೆ ಅಕ್ಷರ ಕೂಡಿಸಿ:
ಜೋತೋನ ಪೆಟ್ರೋಲ್ ಬಂಕಿನಲ್ಲಿ ಬಿಡಿ. ನಾಯಿ ಕಚ್ಚುವುದಿಲ್ಲ.
ಮೂರು ದಿನದಲ್ಲಿ ತಲುಪುತ್ತದೆ ಎಂದಿತು ಪರದೆ.
"ಹಿಮ ಬಿದ್ದರೆ?"
ಅದಕ್ಕೆ ಪರದೆ ಏನೂ ಅನ್ನಲಿಲ್ಲ.

ಕೊನೆಗೆ ಐದು ನಕ್ಷತ್ರ. ಎಷ್ಟು ಕೊಡುತ್ತೀರಿ?
ಮೂರು ಕೊಟ್ಟರು.
"ಐದು ಕೊಡುವುದು, ಬೋರ್ಡಿನ ಮುಂದೆ ನಿಂತು
ನನಗೇ ಹೊಸದೇನಾದರೂ ಹೇಳಿದವರಿಗೆ ಮಾತ್ರ.
ಮೂವತ್ತೊಂದು ವರ್ಷದಲ್ಲಿ ಇಬ್ಬರು."

ಚೀಸನ್ನು ಮೇಜಿನ ಮೇಲಿಟ್ಟು ಹೊರಟರು.
ಮೆಟ್ಟಿಲ ತಿರುವಿನಿಂದ ದನಿ:
"ಗುರುವಾರಕ್ಕೆ ಜೋತೋಗೆ ಹೇಳಿರುತ್ತೇನೆ."

ಇದು ಬರೀ ಮುನ್ನೋಟ, ಒತ್ತಿದರೂ ಏನೂ ಹೋಗುವುದಿಲ್ಲ ಎಂದು
ಬೆಳಗ್ಗೆ ಎರಡು ಸಲ ಹೇಳಿದ್ದೆ.
ಕೇಳಿಸಿಕೊಂಡಿದ್ದರು, ತಲೆಯಾಡಿಸಿದ್ದರು.
ಮೂರನೇ ಸಲ ನಾನೇ ಹೇಳಲಿಲ್ಲ.

ಸಂಜೆ ಗೋದಾಮಿನಿಂದ ಹತ್ತು ಪ್ರತಿ,
ಸಂಬಳದಲ್ಲಿ ಮುರಿದುಕೊಳ್ಳಿ ಎಂದು ಬರೆಸಿ, ಹುರಿಯಿಂದ ಬಿಗಿದು
ದಿದುಬೆ ನಿಲ್ದಾಣದ ಕೆಸರು ತುಳಿದೆ.
ಅವರ ಬಸ್ಸು ಹೋಗಿಯಾಗಿತ್ತು.
ಮತ್ತೊಂದರ ಚಾಲಕ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಿ
ಯಾರಿಗೆ ಎಂದ.
ಜೋತೋನ ಬಂಕು, ಎಂದು ಶುರುಮಾಡಿದೆ.
"ತ್ಸಿಯಾಲಾ ಟೀಚರಿಗಾ? ಕೊಡು.
ಏಳರ ಮಗ್ಗಿ ನನಗೆ ಈಗಲೂ ಬರಲ್ಲ, ಅವರಿಗೆ ಹೇಳಬೇಡ."
ಸೀಟಿನಡಿ ತಳ್ಳಿದ. ರಸೀದಿ ಇಲ್ಲ.

ವರದಿಯಲ್ಲಿ ಬರೆದೆ:
ಬಳಕೆದಾರರು ತೊಂದರೆಯಿಲ್ಲದೆ ಆರ್ಡರ್ ಮುಗಿಸಿದರು.
ಎತ್ತಿನ ಸಾಲನ್ನು ಇರಾಕ್ಲಿ ಅಳಿಸಿದ.

ಭಾನುವಾರ ಫೋನಿಗೆ ಬಂದದ್ದು ಇಷ್ಟು:
ಒಂದು ಪ್ರತಿಯ ಹೊಲಿಗೆ ಸಡಿಲವಿತ್ತು, ನಾನೇ ಹೊಲಿದೆ.
ಮೂರು.